ಕಪ್ಪಿನೊಳಗಿನ ಚುಕ್ಕೆ

ಕರಿಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ. ಓರೆ ಬಿಸಿಲು ತಾಗಿದರೆ ಕಪ್ಪಿನೊಳಗಿಂದ ಚುಕ್ಕೆಗಳೆಲ್ಲ ಎದ್ದು ಕಾಣುತ್ತವೆ. ಆ ತುಪ್ಪಳದ ಸೊಗಸೆಲ್ಲ ಅಲ್ಲೇ ಇದೆ. ಕೂದಲಿಗೆ ಹಳದಿ ಕೊಡಿಸುವ ಎಎಸ್‌ಐಪಿ ಜೀನ್ ಕೆಟ್ಟರೆ ಚುಕ್ಕೆಗಳ ನಡುವಿನ ಜಾಗವೂ ಕಪ್ಪಾಗುತ್ತದೆ, ಚಿತ್ತಾರ ಮಾತ್ರ ಅಳಿಯುವುದಿಲ್ಲ. ಈ ಗುಣ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಹಾಗಾಗಿ ಹಳದಿ ಜೋಡಿಗೂ ಕರಿಮರಿ ಹುಟ್ಟೀತು. ಅಮೆರಿಕದ ಜಾಗ್ವಾರ್ ಇದೇ ಕಪ್ಪಿಗೆ ಬೇರೆ ದಾರಿಯಲ್ಲಿ ಬಂದಿದೆ: ಅಲ್ಲಿ ಎಂಸಿ1ಆರ್ ಜೀನಿನ ಬದಲಾದ ಪ್ರತಿ ಒಂದಿದ್ದರೆ ಸಾಕು.

ಇಂಥ ಕಪ್ಪು ಹರಡುವುದು ಬರೀ ಆಕಸ್ಮಿಕ ಎನ್ನುವವರ ಮಾತಿಗೂ ಆಧಾರವಿದೆ. ಒಡಿಶಾದ ಸಿಮಿಲಿಪಾಲದಲ್ಲಿ ಕೆಲವು ಹುಲಿಗಳ ಪಟ್ಟೆ ಅಗಲವಾಗಿ ಮೈಯೇ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಅದರ ಮೂಲವನ್ನು ಟ್ಯಾಕ್‌ಪೆಪ್ ಜೀನಿನಲ್ಲಿ ಗುರುತಿಸಿತು. ಒಂಟಿಯಾಗಿ ಉಳಿದ ಸಣ್ಣ ಗುಂಪಿನಲ್ಲಿ ಆ ಬದಲಾವಣೆ ಆಕಸ್ಮಿಕವಾಗಿಯೇ ಹೆಚ್ಚಿರಬಹುದು. ಚಿರತೆಯ ಲೆಕ್ಕವೇ ಬೇರೆ. 2017ರ ಅಧ್ಯಯನವೊಂದರಂತೆ ಜಗತ್ತಿನ ಚಿರತೆಗಳಲ್ಲಿ ಸುಮಾರು ಶೇ. 11 ಕರಿ, ಆದರೆ ಅವು ಎಲ್ಲೆಡೆ ಸಮನಾಗಿ ಹಂಚಿಹೋಗಿಲ್ಲ: ತೇವದ ದಟ್ಟ ಕಾಡಿನಲ್ಲಿ ಹೆಚ್ಚು, ಒಣ ಬಯಲಿನಲ್ಲಿ ವಿರಳ. ಆಕಸ್ಮಿಕವೊಂದೇ ಕಾರಣವಾಗಿದ್ದರೆ ಇಂಥ ಒಲವು ಕಾಣುತ್ತಿರಲಿಲ್ಲ. ಹಾಗಾದರೆ ಮಲೆನಾಡಿನ ಚಿರತೆಗಳೆಲ್ಲ ಯಾಕೆ ಕರಿಯಲ್ಲ? ಶೃಂಗೇರಿ ಕಡೆಯ ಮಳೆಕಾಡಿನಿಂದ ನರಸಿಂಹರಾಜಪುರದಾಚೆಯ ಭದ್ರಾ ಕಾಡಿನ ಎಲೆಯುದುರುವ ಮರಗಳಿಗೆ ಬಹಳ ದೂರವಿಲ್ಲ. ಚಿರತೆಯ ಓಡಾಟಕ್ಕೆ ಇವೆರಡರ ನಡುವೆ ಗಡಿಯೂ ಇಲ್ಲ. ಒಂದೆಡೆ ಅನುಕೂಲವಾದ ಕಪ್ಪು ಇನ್ನೊಂದೆಡೆ ಕಣ್ಣಿಗೆ ಬೀಳುತ್ತದೆ, ಎರಡು ಬಣ್ಣವೂ ಉಳಿಯಲು ಇಷ್ಟು ಸಾಕೆಂದು ನನ್ನ ತರ್ಕ. ದಟ್ಟ ಮಳೆಕಾಡಿನ ಮಲಯ ಪರ್ಯಾಯದ್ವೀಪದಲ್ಲಂತೂ ಹೆಚ್ಚುಕಡಿಮೆ ಎಲ್ಲ ಚಿರತೆಗಳೂ ಕರಿಯೇ.