ಪರಂಜ್ಯೋತಿ ಮತ್ತು ಪ್ರೋಟಾನ್: ಏಕತ್ವದ ಓದನ್ನು ಕುರಿತು

ಮಂಟೇಸ್ವಾಮಿ ಕಾವ್ಯದ ಸೃಷ್ಟಿಭಾಗವನ್ನು ಭೌತವಿಜ್ಞಾನದ ಏಕೀಕೃತ ಸಿದ್ಧಾಂತದೊಡನೆ ಸಮೀಕರಿಸುವ ಪ್ರವೃತ್ತಿ ನಮ್ಮ ಜಾನಪದ ಅಧ್ಯಯನದಲ್ಲಿ ಆಗಾಗ ತಲೆದೋರುತ್ತದೆ. ಧರೆಗೆ ದೊಡ್ಡವರಾದ ಪರಂಜ್ಯೋತಿಯೇ ಮೂಲಶಕ್ತಿ. ವಿಜ್ಞಾನಿಗಳು ಈಗ ಹುಡುಕುತ್ತಿರುವುದನ್ನು ನೀಲಗಾರರು ಎಂದೋ ಹಾಡಿದ್ದಾರೆ ಎಂಬುದು ಈ ವಾದದ ತಿರುಳು. ನನ್ನ ಮಹಾಪ್ರಬಂಧದಲ್ಲಿಯೂ ಅಂಥದೊಂದು ವಾಕ್ಯ ನುಸುಳಿದೆ. ಅದನ್ನು ಈಗ ಹಿಂತೆಗೆದುಕೊಳ್ಳಬೇಕಾಗಿದೆ.

ಭೌತವಿಜ್ಞಾನಿಗೆ ಏಕೀಕರಣವೆಂದರೇನು ಎಂಬುದನ್ನು ಮೊದಲು ಗಮನಿಸಬೇಕು. ವಿದ್ಯುತ್ಕಾಂತ ಬಲ ಮತ್ತು ದುರ್ಬಲ ಬಲಗಳನ್ನು ಒಂದೇ ಚೌಕಟ್ಟಿಗೆ ತಂದುದಕ್ಕಾಗಿ ಗ್ಲಾಶೊ, ಸಲಾಂ, ವೈನ್‌ಬರ್ಗ್ ಅವರಿಗೆ 1979ರಲ್ಲಿ ನೊಬೆಲ್ ಬಹುಮಾನ ಬಂದಿತು. ಪ್ರಬಲ ಬಲವನ್ನೂ ಇವುಗಳೊಡನೆ ಸೇರಿಸಲು 1974ರಲ್ಲಿ ಜಾರ್ಜಿ ಮತ್ತು ಗ್ಲಾಶೊ ಮಂಡಿಸಿದ್ದ ಸಿದ್ಧಾಂತ ಒಂದು ಪಣವನ್ನೂ ಒಡ್ಡಿತ್ತು: ಪ್ರೋಟಾನ್ ಶಾಶ್ವತವಲ್ಲ, ಎಂದಾದರೊಮ್ಮೆ ಕ್ಷಯಿಸಲೇಬೇಕು. ಈ ಮಾತನ್ನು ಪರೀಕ್ಷೆಗೆ ಒಡ್ಡಿದ ಆರಂಭದ ತಾಣಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದಲ್ಲಿಯೇ ಆ ಗಣಿಯೊಳಗೆ ವಿಶ್ವಕಿರಣಗಳ ಅಳತೆಗೆ ತೊಡಗಿದ್ದರು. 1980ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ವಿಜ್ಞಾನಿಗಳೊಡನೆ ಸುಮಾರು 2,300 ಮೀಟರ್ ಆಳದಲ್ಲಿ 140 ಟನ್ ತೂಕದ ಉಪಕರಣವನ್ನಿರಿಸಿ ಕಾದರು. ಕೆಲವು ಘಟನೆಗಳು ಕ್ಷಯದ ಕುರುಹುಗಳಂತೆ ಕಂಡವು. ಅಮೆರಿಕ ಮತ್ತು ಜಪಾನುಗಳ ಇನ್ನೂ ದೊಡ್ಡ ಉಪಕರಣಗಳು ಅವನ್ನು ಸಮರ್ಥಿಸಲಿಲ್ಲ. ಸಿದ್ಧಾಂತದ ಸರಳ ರೂಪವನ್ನು ಕೈಬಿಡಬೇಕಾಯಿತು. ಪ್ರೋಟಾನ್ ಕ್ಷಯ ಇಂದಿಗೂ ದೃಢಪಟ್ಟಿಲ್ಲ.

ಅಲ್ಲಿ ‘ಎಲ್ಲವೂ ಒಂದು’ ಎನ್ನುವವನು ತಾನು ಸೋಲಬಹುದೆಂಬುದನ್ನೂ ಒಪ್ಪಿಕೊಂಡಿರುತ್ತಾನೆ. ನಮ್ಮ ಸಮೀಕರಣಕ್ಕೆ ಆ ಅಂಜಿಕೆಯೇ ಇಲ್ಲ; ಯಾವ ಜ್ಯೋತಿಯನ್ನು ಯಾವ ಶಕ್ತಿಗೆ ಹೋಲಿಸಿದರೂ ತಾಳೆಯಾಗುತ್ತದೆ.

ಇದರಿಂದ ವಿಜ್ಞಾನಕ್ಕೆ ನಷ್ಟವಿಲ್ಲ, ಕಾವ್ಯಕ್ಕಿದೆ. ಶಿವರಾತ್ರಿಗೆ ಮೊದಲಾಗುವ ಜಾತ್ರೆಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಒಕ್ಕಲುಗಳು ಕೆ.ಆರ್. ನಗರ ಸೀಮೆಯ ಕಪ್ಪಡಿಗೆ ಬಂದು ರಾಚಪ್ಪಾಜಿ, ಚನ್ನಾಜಮ್ಮನವರ ಗದ್ದುಗೆಗೆ ನಡೆದುಕೊಳ್ಳುತ್ತವೆ. ತಂಬೂರಿ ಹಿಡಿದ ನೀಲಗಾರರ ಸುತ್ತ ಕುಳಿತವರು ಕೇಳುವುದು ಶಕ್ತಿಯ ಸ್ವರೂಪವನ್ನಲ್ಲ. ಲೋಕವನ್ನು ಹುಟ್ಟಿಸಿದ ಆ ಬೆಳಕೇ ಕುಷ್ಠ ತುಂಬಿದ ಮೈಯಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ನಿಲ್ಲುತ್ತದೆ. ಶುಭ್ರವಾಗಿ ಉಟ್ಟ ಶರಣರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ಜ್ಯೋತಿ ಮತ್ತು ಹುಣ್ಣು ಒಂದೇ ಎಂಬ ಈ ಏಕತ್ವ ಕೇಳುಗನ ಜಾತಿಯನ್ನು, ಮನೆಯ ಹೊಸ್ತಿಲನ್ನು ಪ್ರಶ್ನಿಸುತ್ತದೆ. ಪರಂಜ್ಯೋತಿಯನ್ನು ಬಲಗಳ ಸಮೀಕರಣವಾಗಿ ಓದಿದೊಡನೆ ಕುಷ್ಠದ ಮೈ ಅನಗತ್ಯವಾಗಿಬಿಡುತ್ತದೆ. ಹಲಗೂರಿನ ಪಾಂಚಾಳರ ಬಳಿ ಸಿದ್ಧಪ್ಪಾಜಿ ಬೇಡಿದ ಕಬ್ಬಿಣವೂ ಬರಿಯ ಸಂಕೇತವಾಗುತ್ತದೆ.

ಏಕತ್ವದ ಈ ಮೋಹ ಸಂಪಾದನೆಯನ್ನೂ ಬಿಟ್ಟಿಲ್ಲ. ಹಲವು ಕಲಾವಿದರ ಪಾಠಗಳನ್ನು ಹೊಲಿದು ‘ಸಮಗ್ರ’ವೆನ್ನುವಾಗ ಒಬ್ಬ ಹಿಗ್ಗಿಸಿದ, ಇನ್ನೊಬ್ಬ ಬಿಟ್ಟ ಭಾಗಗಳು ಮರೆಯಾಗುತ್ತವೆ. ಈ ನಾಲ್ಕು ತಾಲ್ಲೂಕುಗಳ ಪಾಠಗಳನ್ನಾದರೂ ಹಾಡಿದವರ ಹೆಸರು, ಊರು, ಹಾಡಿದ ಸಂದರ್ಭಗಳೊಡನೆ ಬೇರೆಬೇರೆಯಾಗಿಯೇ ಅಚ್ಚು ಮಾಡಬೇಕು.