ಸವೆಯಲೆಂದೇ ಹೊಯ್ದ ಎರಕ

ಫೋರ್ಡ್ ಮಾಡೆಲ್ ಎ ಎಂಜಿನ್ ಬಿಚ್ಚಿದರೆ ಕ್ರ್ಯಾಂಕ್ ಕೂರುವ ಜಾಗದಲ್ಲಿ ಬಿಡಿ ಬೇರಿಂಗ್ ಸಿಗುವುದಿಲ್ಲ. 1927ರಿಂದ 1931ರವರೆಗೆ ತಯಾರಾದ ಈ ಕಾರುಗಳಲ್ಲಿ ವೈಟ್ ಮೆಟಲನ್ನು ಕರಗಿಸಿ ನೇರವಾಗಿ ಬ್ಲಾಕಿಗೇ ಎರೆದಿದ್ದಾರೆ. ಕನೆಕ್ಟಿಂಗ್ ರಾಡ್‌ಗಳಿಗೂ ಅದೇ ಎರಕ. ಸವೆದರೆ ಕರಗಿಸಿ ತೆಗೆದು ಮತ್ತೆ ಹೊಯ್ಯಬೇಕು.

ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದದ್ದರಿಂದ ಇದಕ್ಕೆ ಬ್ಯಾಬಿಟ್ ಎಂಬ ಹೆಸರೂ ಉಂಟು. ಒಳ್ಳೆಯ ಪಾಕದಲ್ಲಿ ಶೇ 89ರಷ್ಟು ತವರ, ಉಳಿದದ್ದು ಆಂಟಿಮನಿ ಮತ್ತು ತಾಮ್ರ. ಮೆತ್ತಗಿರುವುದೇ ಇದರ ಗುಣ. ಎಣ್ಣೆಯಲ್ಲಿ ಬಂದ ಸಣ್ಣ ಕಸವನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ; ಎಣ್ಣೆ ನಿಂತರೆ ತಾನು ಕರಗಿ ಕ್ರ್ಯಾಂಕನ್ನು ಉಳಿಸುತ್ತದೆ. ಹೀಗಿರುವಾಗ ಬ್ಲಾಕ್ ಕೊರೆದು ಆಧುನಿಕ ಶೆಲ್ ಬೇರಿಂಗ್ ಕೂರಿಸುವುದು ನನಗೆ ಒಗ್ಗದು. ದಿನವೂ ಹೆದ್ದಾರಿಯಲ್ಲಿ ಓಡಿಸುವವರು ಬೇಕಾದರೆ ಮಾಡಿಸಿಕೊಳ್ಳಲಿ.

ಕೆಲಸ ಕೆಡುವುದು ಹೆಚ್ಚಾಗಿ ಎರಕಕ್ಕೂ ಮುಂಚೆಯೇ. ರಾಡ್‌ನ ಉಕ್ಕಿಗೆ ಜಿಡ್ಡು ಚೂರೂ ಉಳಿಯದಂತೆ ತೊಳೆದು ಕಲಾಯಿ ಹಾಕಬೇಕು. ಪಾತ್ರೆಗೆ ಹಾಕುವ ಕಲಾಯಿಯೇ, ಅದೇ ತವರ. ಕಲಾಯಿ ಹತ್ತದ ಕಡೆ ಎರಕವೂ ಹಿಡಿಯದು. ಎರೆದಾದ ಮೇಲೆ ರಾಡನ್ನು ತೂಗುಹಾಕಿ ಮೆಲ್ಲಗೆ ತಟ್ಟಿ ನೋಡಿ: ಖಣ್ಣೆಂದರೆ ಹಿಡಿದಿದೆ, ದಬ್ ಎಂದರೆ ಬಿಟ್ಟಿದೆ. ಹಳೆಯ ಬೇರಿಂಗ್‌ಗಳನ್ನೆಲ್ಲ ಒಂದೇ ಮೂಸೆಗೆ ಸುರಿಯುವ ಜಿಪುಣತನ ಬೇಡವೇ ಬೇಡ. ಅದರಲ್ಲಿ ಸೀಸದ ಪಾಕ ಸೇರಿದರೆ, ತವರ ಮತ್ತು ಸೀಸದ ಮಿಶ್ರಣ 183 ಡಿಗ್ರಿಗೇ ಕರಗತೊಡಗುತ್ತದೆ. ಶುದ್ಧ ತವರಕ್ಕೆ 232 ಬೇಕು.

ಕಾವು ನೋಡಲು ಹಳಬರು ಒಣಗಿದ ಪೈನ್ ಕಡ್ಡಿ ಅದ್ದುತ್ತಿದ್ದರು. ಕಡ್ಡಿ ಕರಕಾಗಬೇಕು, ಹೊತ್ತಿಕೊಳ್ಳಬಾರದು. ಥರ್ಮಾಮೀಟರ್ ಇದ್ದರೂ ನಾನು ಕಡ್ಡಿ ಬಿಟ್ಟಿಲ್ಲ. ಅಚ್ಚನ್ನೂ ಮೊದಲೇ ಬಿಸಿ ಮಾಡಿರಬೇಕು. ಒಳಗೆ ಒಂದು ಹನಿ ನೀರಿದ್ದರೂ ಆವಿಯಾಗಿ ಕರಗಿದ ಲೋಹವನ್ನು ಮುಖಕ್ಕೆ ಎರಚುತ್ತದೆ. ಹೊಯ್ಯುವುದು ಒಂದೇ ಧಾರೆಯಲ್ಲಿ. ನಡುವೆ ನಿಂತರೆ ಅಲ್ಲೊಂದು ಗೆರೆ ಬೀಳುತ್ತದೆ, ಮುಂದೆ ಬಿರುಕು ಬಿಡುವುದೂ ಅಲ್ಲೇ.

ಆಮೇಲೆ ಬೋರಿಂಗ್. ಕೊನೆಗೆ ಶಾಫ್ಟಿಗೆ ನೀಲಿ ಹಚ್ಚಿ ತಿರುಗಿಸಿ, ನೀಲಿ ಅಂಟಿದ ಉಬ್ಬುಗಳನ್ನಷ್ಟೇ ಸ್ಕ್ರೇಪರ್‌ನಿಂದ ಕೆರೆಯುವುದು. ಬಿಡಬೇಕಾದ ಸಂದು ಇಂಚಿನ ಸಾವಿರದ ಒಂದು ಭಾಗದಷ್ಟು. ಕ್ಯಾಪಿನ ಕೆಳಗೆ ತೆಳು ಶಿಮ್‌ಗಳಿರಬೇಕು. ಮುಂದೆ ಸವೆದಾಗ ಒಂದೊಂದೇ ತೆಗೆದರೆ ಸಂದು ಮತ್ತೆ ಸರಿಹೋಗುತ್ತದೆ. ಶಿಮ್ ಇಡದೆ ಜೋಡಿಸಿ ಕೊಟ್ಟ ಎಂಜಿನನ್ನು ಗ್ಯಾರೇಜಿಗೆ ವಾಪಸ್ ಕಳಿಸಿ, ಸಂಕೋಚ ಬೇಡ.