ಸೊನ್ನಲಿಗೆಯ ಕೆರೆ ಮತ್ತು ಬಯಲು

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಸೊನ್ನಲಿಗೆಗೆ ಬರುವ ಪ್ರಸಂಗವನ್ನು ಅರಿಯದ ಕನ್ನಡ ಶಿಕ್ಷಕರು ವಿರಳ. ಕೆರೆಯ ಕೆಲಸದಲ್ಲಿ ತೊಡಗಿದ ಜನರೆದುರು ಪ್ರಭುವು ಸಿದ್ಧರಾಮನನ್ನು 'ಒಡ್ಡರಾಮ'ನೆಂದು ಹೀಗಳೆಯುತ್ತಾನೆ. ಜನರು ಕೆರಳಿ ಕಲ್ಲೆಸೆಯುತ್ತಾರೆ. ಸಿದ್ಧರಾಮನ ಕೋಪಾಗ್ನಿಯೂ ಪ್ರಭುವನ್ನು ಸುಡಲಾರದೆ ಹೋಗುತ್ತದೆ. ಕಡೆಗೆ ಆ ಕರ್ಮಯೋಗಿಯು ಅಂತರಂಗದ ಕಡೆಗೆ ತಿರುಗಿ ಕಲ್ಯಾಣಕ್ಕೆ ನಡೆಯುತ್ತಾನೆ. ಸಂವಾದದ ಬಿಗುವಿನಲ್ಲಿ ಇದಕ್ಕೆ ಸಾಟಿಯಾದ ಭಾಗಗಳು ಆ ಗ್ರಂಥದಲ್ಲಿಯೂ ಹೆಚ್ಚಿಲ್ಲ.

ಆದರೆ ಇದನ್ನು ಪಾಠ ಹೇಳುವ ಕ್ರಮದ ಬಗೆಗೆ ನಮ್ಮದೊಂದು ಆಕ್ಷೇಪವಿದೆ. ಪ್ರಭು ಗೆದ್ದನು, ಕೆರೆ ಸೋತಿತು ಎಂದು ಟಿಪ್ಪಣಿ ಬರೆಯಿಸಿ ಮುಗಿಸುವುದು ವಾಡಿಕೆಯಾಗಿದೆ. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಇಲ್ಲಿ ವಾಸಿಸುವ ನಾವು ಹಾಗೆ ಓದಲಾರೆವು.

1877ರಲ್ಲಿ ಇಲ್ಲಿ ಮೊದಲ ಬಟ್ಟೆಯ ಗಿರಣಿ ಎದ್ದಿತು. ಗಿರಣಿಗಳ ಬೆನ್ನಿಗೆ ಚಾಳುಗಳು ಬಂದವು. ಗಿರಣಿಗಳ ವೈಭವ ಮುಗಿದರೂ ಇಕ್ಕಟ್ಟು ಮುಗಿಯಲಿಲ್ಲ. ಒಂದೇ ಕೋಣೆಯಲ್ಲಿ ಅಡಿಗೆ, ಅಭ್ಯಾಸ, ನಿದ್ರೆ. ಓಣಿಯಲ್ಲಿ ನಿಂತು ತಲೆಯೆತ್ತಿದರೆ ಆಕಾಶವೆಂಬುದು ಎರಡು ಮಾಳಿಗೆಗಳ ನಡುವಣ ಒಂದು ಪಟ್ಟಿ. ಆ ಪಟ್ಟಿ ಹರವಾಗಿ ಬಿಚ್ಚಿಕೊಳ್ಳುವುದು ಸಿದ್ಧೇಶ್ವರನ ಕೆರೆಯ ದಂಡೆಯಲ್ಲಿ. ನೀರಿನ ಮೇಲೆ ಯಾರೂ ಮಹಡಿ ಕಟ್ಟಲಾರರಷ್ಟೆ! ಹನ್ನೆರಡನೆಯ ಶತಮಾನದಲ್ಲಿ ತೋಡಿದ ಮಣ್ಣಿನಿಂದ ಇಂದಿಗೂ ಇಷ್ಟು ಬಾನು ಉಳಿದಿದೆ. (ಸಂಕ್ರಾಂತಿಯ ಜಾತ್ರೆಯ ಗದ್ದಲದಲ್ಲಿ ಅದನ್ನು ನೋಡುವವರಾರು ಎಂದರೆ, ಆ ಮಾತು ಬೇರೆ.)

ನಮ್ಮ ಪ್ರಶ್ನೆ ಇರುವುದು ಇಲ್ಲಿಯೇ. ಶರಣರು ಪರವಸ್ತುವನ್ನು 'ಬಯಲು' ಎಂದು ಕರೆದರು. ಅದು ಅವರು ನಿಘಂಟಿನಿಂದ ಹೆಕ್ಕಿದ ಶಬ್ದವಲ್ಲ. ಊರ ಹೊರಗೆ ಕಾಲಿಟ್ಟರೆ ಕಣ್ಣಿಗೆ ಬೀಳುತ್ತಿದ್ದ ವಸ್ತು. ಕಣ್ಣು ಕಂಡ ಬಯಲೇ ಅನುಭಾವದ ಬಯಲಿಗೆ ಮೆಟ್ಟಿಲಾಯಿತು. ಗೋಡೆಗೆ ಗೋಡೆ ಹತ್ತಿದ ಓಣಿಯಲ್ಲಿ ಬೆಳೆದ ಬಾಲಕನಿಗೆ ಆ ಶಬ್ದ ಏನನ್ನು ತೋರೀತು? ಪರೀಕ್ಷೆಯಲ್ಲಿ ಅವನು 'ಬಯಲು ಎಂದರೆ ಶೂನ್ಯ' ಎಂದು ಬರೆಯುತ್ತಾನೆ. ನಾವು ಅಂಕ ಕೊಡುತ್ತೇವೆ. ಪ್ರಭುವು ಬೋಧಿಸಿದ ಬಯಲನ್ನು ಅವನಿಗೆ ಎಳ್ಳಷ್ಟಾದರೂ ಕಾಣಿಸಬಲ್ಲದ್ದು ಪ್ರಭುವು ಹಳಿದ ಆ ಕೆರೆಯೇ.

ಹರಿಹರನ ಸೋದರಳಿಯ ರಾಘವಾಂಕನಿಗೆ ಈ ತೊಡಕಿರಲಿಲ್ಲ. ಅವನ 'ಸಿದ್ಧರಾಮಚಾರಿತ್ರ'ದಲ್ಲಿ ಕೆರೆಯು ನಾಯಕನ ದೋಷವಲ್ಲ, ಮಹಿಮೆ. ತತ್ತ್ವದ ಆಳದಲ್ಲಿ ಶೂನ್ಯಸಂಪಾದನೆಯೇ ಹಿರಿದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಮೇಲಿನ ತರಗತಿಗಳಲ್ಲಿ ಎರಡನ್ನೂ ಜೊತೆಯಾಗಿಯೇ ಓದಿಸಬೇಕು; ಸಾಧ್ಯವಾದರೆ ಕೆರೆಯ ಮೆಟ್ಟಿಲ ಮೇಲೆ ಕುಳ್ಳಿರಿಸಿ. ಕಲ್ಯಾಣವನ್ನು ಕಂಡುಬಂದ ಸಿದ್ಧರಾಮನ ಸಮಾಧಿ ಇರುವುದೂ ಆ ನೀರ ನಡುವಣ ಗುಡಿಯ ಆವರಣದಲ್ಲಿಯೇ.